ಕೇಳಿ ಬರೆಯುವ ಪಾಠ: ಪದವಿ ತರಗತಿಯ ಕನ್ನಡ ಮತ್ತು ಕೈಯಲ್ಲಿರುವ ಮೊಬೈಲು



ಪದವಿ ತರಗತಿಗಳಲ್ಲಿ ಕನ್ನಡವನ್ನು ಭಾಷಾ ಪತ್ರಿಕೆಯಾಗಿ ಓದುವವರಲ್ಲಿ ಹೆಚ್ಚಿನವರು ಮುಂದೆ ಸಾಹಿತ್ಯ ಓದುವುದಿಲ್ಲ. ಬಿ.ಕಾಂ. ಮುಗಿಸಿದವರು ಬ್ಯಾಂಕಿಗೆ, ಸೊಸೈಟಿಗೆ, ಅಂಗಡಿಯ ಲೆಕ್ಕಕ್ಕೆ ಹೋಗುತ್ತಾರೆ. ಬಿ.ಎಸ್ಸಿ.ಯವರು ಬಿ.ಎಡ್. ಅಥವಾ ಸ್ಪರ್ಧಾತ್ಮಕ ಪರೀಕ್ಷೆಯ ದಾರಿ ಹಿಡಿಯುತ್ತಾರೆ. ಅವರಲ್ಲಿ ಅನೇಕರು ಬದುಕಿನಲ್ಲಿ ಕೊನೆಯ ಸಲ ಒಬ್ಬ ಕನ್ನಡ ಅಧ್ಯಾಪಕರ ಎದುರು ಕೂರುವುದು ನಮ್ಮ ತರಗತಿಯಲ್ಲೇ. ಆ ಕೊನೆಯ ಸೆಮಿಸ್ಟರ್‌ಗಳಲ್ಲಿ ನಾವು ಅವರಿಂದ ಏನು ಬರೆಸುತ್ತೇವೆ? ಕವಿ ಪರಿಚಯ, ಸಂದರ್ಭ ಸಹಿತ ವಿವರಣೆ, ಟಿಪ್ಪಣಿ, ಕೊನೆಗೊಂದು ಪ್ರಬಂಧ. ಇದರಲ್ಲಿ ಬಹುಪಾಲು ಗೈಡಿನಿಂದ ಎದ್ದು ನೇರವಾಗಿ ಉತ್ತರಪತ್ರಿಕೆಗೆ ಹೋಗಿ ಕೂರುತ್ತದೆ. ನಡುವೆ ವಿದ್ಯಾರ್ಥಿಯ ಕಿವಿಗಾಗಲಿ ಕಣ್ಣಿಗಾಗಲಿ ಕೆಲಸವೇ ಇರುವುದಿಲ್ಲ.

ಅದೇ ವಿದ್ಯಾರ್ಥಿಯ ಕೈಯಲ್ಲಿ ಧ್ವನಿಮುದ್ರಣ, ಕ್ಯಾಮೆರಾ, ಕನ್ನಡ ಕೀಲಿಮಣೆ ಮೂರೂ ಇರುವ ಮೊಬೈಲು ಇದೆ. ತರಗತಿಯಲ್ಲಿ ಅದನ್ನು ಬ್ಯಾಗಿನೊಳಗೆ ಇಡಿಸುವುದೇ ನಮ್ಮ ನಿತ್ಯದ ಜಗಳ. ಈ ಉಪನ್ಯಾಸದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೆ: ವರ್ಷದಲ್ಲಿ ಒಂದು ಸಲವಾದರೂ ಅದನ್ನು ಹೊರಗೆ ತೆಗೆಸೋಣ. ವಿದ್ಯಾರ್ಥಿ ತನ್ನ ಊರಿನ ಒಬ್ಬರ ಮಾತನ್ನು ಮುದ್ರಿಸಿಕೊಂಡು ಬರಲಿ, ಆ ಜಾಗದ ಕೆಲವು ಫೋಟೊ ತೆಗೆದುಕೊಂಡು ಬರಲಿ, ಮುದ್ರಿಸಿದ್ದನ್ನು ಅಕ್ಷರಕ್ಕೆ ಇಳಿಸಲಿ, ಅದರಿಂದ ಒಂದು ಗದ್ಯ ಬರೆಯಲಿ, ಎಲ್ಲವನ್ನೂ ಸೇರಿಸಿ ನಾಲ್ಕು ನಿಮಿಷದ ಒಂದು ಕಿರುಚಿತ್ರವಾಗಿ ಕಟ್ಟಲಿ. ಇದಕ್ಕೆ ಬಹುಮಾಧ್ಯಮ ಯೋಜನೆ ಎಂಬ ದೊಡ್ಡ ಹೆಸರಿದೆ. ನನ್ನ ಮಟ್ಟಿಗೆ ಇದರ ಜೀವ ಇರುವುದು ಮುದ್ರಿಸಿದ್ದನ್ನು ಅಕ್ಷರಕ್ಕೆ ಇಳಿಸುವ ಹಂತದಲ್ಲಿ. ಚಿತ್ರ, ಸಂಗೀತ, ಜೋಡಣೆ ಇವೆಲ್ಲ ಅದರ ಸುತ್ತ ನಿಲ್ಲುವಂಥವು.

ವಿಜಯಪುರದಲ್ಲಿ ನಿಂತು ಇದನ್ನು ಹೊಸ ವಿಚಾರ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಫ.ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ, ವಕೀಲಿಗೆಂದು ಈ ಊರಿಗೆ ಬಂದು ಇಲ್ಲಿಯವರೇ ಆದರು. ಮಠಗಳಲ್ಲಿ, ಮನೆಗಳ ಗಂಟುಗಳಲ್ಲಿ ಬಿದ್ದಿದ್ದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಹಿತಚಿಂತಕ ಮುದ್ರಣಾಲಯ ಇಟ್ಟರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು, ಮುದ್ರಣದ ಖರ್ಚಿಗೆ ಮನೆಯನ್ನೇ ಮಾರಿದರು. ಅವರ ತ್ಯಾಗವನ್ನು ಜುಲೈ 2ರಂದು ಪ್ರತಿವರ್ಷ ನೆನೆಯುತ್ತೇವೆ. ಅವರ ಮೇಜಿನ ಮೇಲೆ ನಡೆದ ಕೆಲಸದ ಬಗ್ಗೆ ಮಾತ್ರ ತರಗತಿಯಲ್ಲಿ ಕಡಿಮೆ ಮಾತಾಡುತ್ತೇವೆ. ಓಲೆಗರಿಯಲ್ಲಿ ಪದ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಇಂದಿನ ವಿರಾಮಚಿಹ್ನೆಗಳಿಲ್ಲ, ಸಾಲು ಮುಗಿಯುವುದು ಗರಿಯ ಅಂಚು ಬಂದಾಗ. ಒಂದು ವಚನ ಎಲ್ಲಿಗೆ ಮುಗಿಯಿತು, ಮಾತನ್ನು ಎಲ್ಲಿ ಒಡೆಯಬೇಕು ಎನ್ನುವುದನ್ನು ಅಂಕಿತ ನೋಡಿ, ಗಟ್ಟಿಯಾಗಿ ಓದಿ, ಲಯ ಹಿಡಿದು ಸಂಪಾದಕನೇ ತೀರ್ಮಾನಿಸಬೇಕು. ನಾವು ಪುಸ್ತಕದಲ್ಲಿ ಕಾಣುವ ವಚನದ ಆಕಾರ ಅಂಥ ತೀರ್ಮಾನಗಳಿಂದ ಬಂದದ್ದು. ಗರಿಯಿಂದ ಕಾಗದಕ್ಕೆ, ಕೈಬರಹದಿಂದ ಮೊಳೆಗೆ ದಾಟಿಸುವಾಗ ಅವರು ಮಾಡಿದ ಕೆಲಸವನ್ನೇ ನಮ್ಮ ವಿದ್ಯಾರ್ಥಿ ಇವತ್ತು ಧ್ವನಿಯಿಂದ ಅಕ್ಷರಕ್ಕೆ ದಾಟಿಸುವಾಗ ಮಾಡಬೇಕಾಗುತ್ತದೆ.

ಆ ದಾಟುವಿಕೆ ಅಲ್ಲಿಗೆ ನಿಂತಿಲ್ಲ. ಇದೇ ಜಿಲ್ಲೆಯ ಸಿಂದಗಿ ತಾಲೂಕಿನ ಯರಗಲ್ಲಿನವರಾದ ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕರಾಗಿ ಸಮಗ್ರ ವಚನ ಸಂಪುಟಗಳು ಬಂದವು. ಅಲ್ಲಿಂದ ಮುಂದೆ ಓ.ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್ ಮೊದಲಾದವರ ‘ವಚನ ಸಂಚಯ’ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದುವಂತೆ ಮಾಡಿತು. ತಾಡೋಲೆ, ಮೊಳೆ, ಗಣಕ ಮೂರನ್ನೂ ದಾಟಿದ ಈ ಸಾಹಿತ್ಯದ ಬಹುದೊಡ್ಡ ಕೆಲಸ ನಡೆದದ್ದು ನಾವು ಕೂತಿರುವ ಈ ಊರಿನಲ್ಲಿ.

ಇನ್ನೊಂದು ಉದಾಹರಣೆ ಭೀಮಾತೀರದ್ದು. ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಬಂತು. ಧ್ವನಿ ಹಿಡಿಯುವ ಯಂತ್ರ ಅವರ ಬಳಿ ಇರಲಿಲ್ಲ. ಇದ್ದದ್ದು ಕಿವಿ, ನೆನಪು, ಪೆನ್ಸಿಲು. ಹಾಡಿನ ಮಾತು ಉಳಿಯಿತು, ಧಾಟಿ ಉಳಿಯಲಿಲ್ಲ. ಬೀಸುಕಲ್ಲಿನ ಗರಗರದ ಜೊತೆ ಸಾಲು ಹೇಗೆ ಏಳುತ್ತಿತ್ತು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು, ಎರಡನೆಯವಳು ಎಲ್ಲಿ ದನಿ ಕೂಡಿಸುತ್ತಿದ್ದಳು ಎಂಬುದನ್ನು ಇವತ್ತು ಪುಸ್ತಕ ತೆರೆದು ತಿಳಿಯುವುದು ಸಾಧ್ಯವಿಲ್ಲ. ಅದೇ ಬಗೆಯ ಹಾಡುಗಳನ್ನು ಗಡಿಯಾಚೆ ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್ಕರ್ ಮತ್ತು ಗಿ ಪ್ವಾತ್ವಾಂ ಒಂದು ಲಕ್ಷಕ್ಕೂ ಮಿಕ್ಕು ಸಂಗ್ರಹಿಸಿದರು. 2017ರಿಂದ ಪಿ. ಸಾಯಿನಾಥರ ‘ಪರಿ’ ಸಂಸ್ಥೆ ಅವನ್ನು ಧ್ವನಿ, ಮರಾಠಿ ಪಠ್ಯ, ಅನುವಾದ, ಹಾಡಿದವರ ಫೋಟೊ, ಹೆಸರು, ಊರು, ಕಸುಬುಗಳ ಸಮೇತ ಪ್ರಕಟಿಸುತ್ತ ಬಂದಿದೆ. ಹಾಡಿದವಳು ಯಾರು, ಅವಳ ಹೊಲ ಎಷ್ಟು, ಮಕ್ಕಳೆಷ್ಟು ಎಂಬುದು ಹಾಡಿನ ಪಕ್ಕದಲ್ಲೇ ಇದೆ. ಇದನ್ನು ತೋರಿಸಿದರೆ ನಮ್ಮ ವಿದ್ಯಾರ್ಥಿನಿಯರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಅವರ ಮನೆಯಲ್ಲೂ ಒಬ್ಬ ಆಯಿ ಇರುತ್ತಾಳೆ.

ಈಗ ನನ್ನ ತರಗತಿಯ ಒಂದು ಕೆಲಸವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಟಿಕೋಟಾ ಕಡೆಯ ವಿದ್ಯಾರ್ಥಿನಿ. ಅವರ ಸುತ್ತಮುತ್ತಲೆಲ್ಲ ದ್ರಾಕ್ಷಿ ಪಡಗಳು. ಬಳ್ಳಿ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ; ಎಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದೇ ಅಲ್ಲಿ ವರ್ಷದ ಲೆಕ್ಕ. ಫೆಬ್ರವರಿ ಹೊತ್ತಿಗೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೆಲಸ ಶುರುವಾಗುತ್ತದೆ. ಅವಳ ದೊಡ್ಡವ್ವ ಅಂಥ ಒಂದು ಶೆಡ್ಡಿಗೆ ಕೂಲಿಗೆ ಹೋಗುತ್ತಾಳೆ. ವಿದ್ಯಾರ್ಥಿನಿ ಮೊದಲು ತಂದು ತೋರಿಸಿದ ಬರಹ ಹೀಗಿತ್ತು: ವಿಜಯಪುರ ಜಿಲ್ಲೆಯು ದ್ರಾಕ್ಷಿ ಬೆಳೆಗೆ ಪ್ರಸಿದ್ಧವಾಗಿದೆ, ಒಣದ್ರಾಕ್ಷಿಯು ಆರೋಗ್ಯಕ್ಕೆ ಉತ್ತಮ, ಬಿಸಿಲು ಹೆಚ್ಚಾದರೆ ದ್ರಾಕ್ಷಿಯ ಗುಣಮಟ್ಟ ಕೆಡುತ್ತದೆ. ಒಂದೂ ತಪ್ಪಿಲ್ಲ. ಆದರೆ ಶೆಡ್ಡಿನೊಳಗೆ ಕಾಲಿಡದವರೂ ಇದನ್ನು ಬರೆಯಬಲ್ಲರು. ಮುದ್ರಿಸಿಕೊಂಡ ಧ್ವನಿಯನ್ನು ತರಗತಿಯಲ್ಲಿ ಹಾಕಿಸಿದೆ. ಅದರಲ್ಲಿ ಇದ್ದದ್ದು ಇದು:

“ದೊಡ್ಡವ್ವ, ಸುಮ್ನ ಬಿಸಲಾಗ ಹರವಿದ್ರ ಲಗೂನ ಒಣಗ್ತಾವಲ್ಲ?”

“ಬಿಸಲಾಗ ಹಾಕಿದ್ರ ಕೆಂಪ ತಿರಗ್ತಾವ ಯವ್ವಾ. ಹಸರ ಉಳದ್ರ ರೇಟ ಬರ್ತದ. ಅದಕ್ಕ ನೆರಳಾಗ, ಗಾಳಿಗಿ. ಮೊದಲ ಆ ಎಣ್ಣಿ ನೀರಾಗ ಅದ್ದಬೇಕು, ಅದ್ದಲಿಲ್ಲಂದ್ರ ತೊಗಲ ಬಿಡೂದಿಲ್ಲ, ಒಳಗಿನ ನೀರ ಒಳಗ ಉಳಿತದ. ಮ್ಯಾಲಿನ ಜಾಳಗಿಯಾಗಿಂದು ಮೊದಲ ಒಣಗ್ತದ, ಕೆಳಗಿಂದು ಹಿಂದ ಉಳಿತದ. ಹಂಗಂತ ಎಲ್ಲಾ ಒಮ್ಮೆ ಜಾಡಿಸಿದ್ರ ಮಾಲಕ ಬೈತಾನ.”

ಇಲ್ಲಿ ಎಷ್ಟು ತಿಳುವಳಿಕೆ ಇದೆ ನೋಡಿ. ಹಣ್ಣನ್ನು ಅದ್ದುವ ಆ ದ್ರಾವಣದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಇರುತ್ತವೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾದರೆ ಒಳಗಿನ ತೇವ ಬೇಗ ಹೊರಬೀಳುತ್ತದೆ. ರಸಾಯನಶಾಸ್ತ್ರದ ಈ ಮಾತನ್ನು ಆ ತಾಯಿ “ತೊಗಲ ಬಿಡೂದಿಲ್ಲ” ಎಂದು ಮುಗಿಸಿದ್ದಾಳೆ. ಬಣ್ಣಕ್ಕೂ ಬೆಲೆಗೂ ಇರುವ ನಂಟು, ಶೆಡ್ಡಿನ ಮೇಲಿನ ಅಂತಸ್ತಿಗೂ ಕೆಳಗಿನ ಅಂತಸ್ತಿಗೂ ಗಾಳಿಯಲ್ಲಿರುವ ವ್ಯತ್ಯಾಸ, ಕೊನೆಗೆ ಮಾಲಕನ ಬೈಗುಳ, ಎಲ್ಲವೂ ಕೆಲವೇ ಮಾತುಗಳಲ್ಲಿವೆ. ನಮ್ಮ ವಿದ್ಯಾರ್ಥಿನಿ ಇದನ್ನು “ಗುಣಮಟ್ಟ ಕೆಡುತ್ತದೆ” ಎಂದು ಬರೆದಾಗ ಇಷ್ಟೂ ಕೈಬಿಟ್ಟುಹೋಯಿತು. ಅವಳಿಗೆ ಕನ್ನಡ ಬರುವುದಿಲ್ಲ ಎಂದಲ್ಲ. ಕಾಗದದ ಮೇಲೆ ಬರೆಯುವುದೆಂದರೆ ಮನೆಯ ಮಾತನ್ನು ಹೊರಗೆ ಬಿಟ್ಟು ಬರುವುದು ಎಂದು ಒಂದನೆಯ ಇಯತ್ತೆಯಿಂದ ನಾವೇ ಅವಳಿಗೆ ಕಲಿಸಿದ್ದೇವೆ.

ಎರಡನೆಯ ವಾರ ಅವಳಿಗೆ ಕೊಟ್ಟ ಕೆಲಸ, ಆ ಮಾತನ್ನು ಕೇಳಿಸಿದ ಹಾಗೆಯೇ ಬರೆಯುವುದು. ಮೊದಲ ಅಡಚಣೆ ಅಲ್ಲೇ ಬಂತು. ದೊಡ್ಡವ್ವ ಮಾತಿನ ಕೊನೆಯಲ್ಲಿ ನುಂಗುವ ಸ್ವರಗಳನ್ನು ಬರೆಯಬೇಕೊ ಬಿಡಬೇಕೊ? ಅವಳು ತಡೆದು ನಿಂತ ಕಡೆ ಅಲ್ಪವಿರಾಮ ಸಾಕೊ, ಸಾಲು ಮುರಿಯಬೇಕೊ? ನಡುವೆ ಬೇರೆ ಹೆಂಗಸರು ನಕ್ಕದ್ದನ್ನು ಎಲ್ಲಿ ಇಡಬೇಕು? ಈ ಪ್ರಶ್ನೆಗಳಿಗೆ ತರಗತಿಯಲ್ಲಿ ಒಂದು ಗಂಟೆ ಚರ್ಚೆ ನಡೆಯಿತು. ವ್ಯಾಕರಣದ ಅಧ್ಯಾಯ ಹೇಳಿಕೊಟ್ಟಾಗ ಅಷ್ಟು ಚರ್ಚೆ ನಡೆದದ್ದನ್ನು ನಾನು ನೋಡಿಲ್ಲ. ವಿರಾಮಚಿಹ್ನೆ ಯಾಕೆ ಬೇಕು ಎಂಬುದು ಕೇಳಿದ ಮಾತನ್ನು ಬರೆಯಲು ಕೂತಾಗ ತಾನಾಗಿ ತಿಳಿಯುತ್ತದೆ. ಮೂರನೆಯ ವಾರ ಅವಳು ಅದನ್ನು ತನ್ನ ಗದ್ಯವಾಗಿ ಬರೆದಳು. ಅಲ್ಲಿ ಗ್ರಾಂಥಿಕ ಕನ್ನಡವೂ ಇತ್ತು, ದೊಡ್ಡವ್ವನ ಮಾತು ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೆಯೇ ಇತ್ತು. ಎರಡೂ ಕನ್ನಡ ಒಂದೇ ಪುಟದಲ್ಲಿ ಒಂದನ್ನೊಂದು ತಿದ್ದದೆ ಕೂತಿದ್ದವು. ಆ ಪುಟ ನಮ್ಮ ಪಠ್ಯಪುಸ್ತಕದಲ್ಲಿ ಇರುವ ಯೋಗ್ಯತೆಯುಳ್ಳದ್ದು ಎಂದು ನಾನು ನಂಬಿದ್ದೇನೆ.

ಜಗತ್ತಿನ ಬೇರೆ ಕಡೆಯೂ ಇಂಥ ಕೆಲಸ ನಡೆದಿದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಸಾಮಾನ್ಯ ಜನರಿಂದ ಎರಡು ಮೂರು ನಿಮಿಷದ ಡಿಜಿಟಲ್ ಕಥೆಗಳನ್ನು ಮಾಡಿಸಲು ತೊಡಗಿದರು. ಅವರ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾದದ್ದು, ಗಣಕದ ಮುಂದೆ ಕೂರಿಸುವ ಮೊದಲು ಎಲ್ಲರೂ ಸುತ್ತ ಕೂತು ತಂತಮ್ಮ ಕಥೆಯನ್ನು ಬಾಯಲ್ಲಿ ಹೇಳಿ ಕೇಳುವುದು, ಆಮೇಲೆ ಅದನ್ನು ಚಿಕ್ಕದಾಗಿ ಬರೆಯುವುದು. 1996ರಲ್ಲಿ ನ್ಯೂ ಲಂಡನ್ ಗ್ರೂಪ್ ಎಂದು ಕರೆದುಕೊಂಡ ವಿದ್ವಾಂಸರ ಬಳಗ, ಓದು ಬರಹವೆಂದರೆ ಇನ್ನು ಮುಂದೆ ಅಕ್ಷರ, ಚಿತ್ರ, ಧ್ವನಿ ಎಲ್ಲವನ್ನೂ ಒಳಗೊಳ್ಳಬೇಕೆಂದು ವಾದಿಸಿತು. ಒಂದು ವಿಷಯದಲ್ಲಿ ಮಾತ್ರ ನಾನು ಕ್ಯಾಲಿಫೋರ್ನಿಯದವರ ದಾರಿ ಬಿಟ್ಟು ನಡೆಯುತ್ತೇನೆ. ಅವರದು ತನ್ನ ಕಥೆಯನ್ನು ತಾನು ಹೇಳುವ ಪದ್ಧತಿ. ಹತ್ತೊಂಬತ್ತರ ಹುಡುಗ ಹುಡುಗಿಯರು ಮೊದಲು ಬೇರೊಬ್ಬರ ಕಥೆಯನ್ನು ಕೇಳಿ ಬರೆಯಲಿ ಎಂಬುದು ನನ್ನ ಹಂಬಲ. ತನ್ನ ಬಗ್ಗೆ ಬರೆಯುವಾಗ ಮಾತು ಸಡಿಲವಾಗುತ್ತದೆ. ಬೇರೆಯವರ ಬಗ್ಗೆ ಬರೆಯುವಾಗ, ಅವರು ನಾಳೆ ಇದನ್ನು ಕೇಳಿಸಿಕೊಳ್ಳುತ್ತಾರೆ ಎಂಬ ಎಚ್ಚರ ಇರುತ್ತದೆ.

ಕರ್ನಾಟಕದಲ್ಲಿಯೂ ಇದಕ್ಕೆ ದಾರಿ ಹಾಕಿದವರಿದ್ದಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಕನ್ನಡ ವಿಕಿಪೀಡಿಯಕ್ಕೆ ಬರೆದರು. ಬರೆದದ್ದನ್ನು ಅಧ್ಯಾಪಕರಲ್ಲದೆ ಬೇರೆಯವರೂ ಓದುತ್ತಾರೆ, ತಿದ್ದುತ್ತಾರೆ ಎಂಬುದೇ ಅಲ್ಲಿಯ ದೊಡ್ಡ ಪಾಠ. ನಮ್ಮಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಎಂಬ ಅಧ್ಯಾಯಗಳನ್ನು ವಿದ್ಯಾರ್ಥಿಗಳು ಓದಿ ಪರೀಕ್ಷೆ ಬರೆದರು. 2024-25ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು. ಆ ಪತ್ರಿಕೆ ಓದಿದವರಲ್ಲಿ ಎಷ್ಟೋ ಮಂದಿಗೆ ಕನ್ನಡದಲ್ಲಿ ಒಂದು ಪುಟ ಟೈಪು ಮಾಡಲು ಬರುತ್ತಿರಲಿಲ್ಲ. ಡಿಜಿಟಲ್ ಎಂಬುದನ್ನು ಭಾಷೆಯಿಂದ ಬೇರ್ಪಡಿಸಿ ಕಲಿಸಿದರೆ ಹೀಗೇ ಆಗುತ್ತದೆ.

ಟೈಪಿಂಗ್ ವಿಷಯ ಬಂದದ್ದರಿಂದ ಎರಡು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತ ನೋಡಲು ಕನ್ನಡ, ಗಣಕದ ಒಳಗೆ ಕನ್ನಡವಲ್ಲ. ಅದನ್ನು ಹುಡುಕಲಾಗದು, ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದರೆ ಗೀರುಗಳು ಕಾಣುತ್ತವೆ. ವಿದ್ಯಾರ್ಥಿಗಳ ಎಲ್ಲ ಬರಹವೂ ಯೂನಿಕೋಡಿನಲ್ಲೇ ಇರಬೇಕು. ಇದರಲ್ಲಿ ರಿಯಾಯಿತಿ ಕೊಡಬೇಡಿ. ಧ್ವನಿ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಒತ್ತಿ ಕಿರಿದಾಗುವ ಸಂಭವ ಇದೆ. ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲವೆ ಪೆನ್‌ಡ್ರೈವ್‌ನಲ್ಲಿ ತರಲಿ. ಮುದ್ರಿಸುವಾಗ ಫ್ಯಾನು ಆರಿಸಲಿ, ಮೊಬೈಲನ್ನು ಮಾತಾಡುವವರ ಹತ್ತಿರ ಇಡಲಿ, ಗಾಳಿಗೆ ಬೆನ್ನು ಮಾಡಿ ಕೂರಲಿ. ಕತ್ತರಿಸಿ ಜೋಡಿಸಲು ಅಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ದುಬಾರಿ ಕ್ಯಾಮೆರಾ, ಸ್ಟುಡಿಯೊ ಯಾವುದೂ ಬೇಡ. ಹಣ ಇದ್ದರೆ ಒಂದೆರಡು ಕಾಲರ್ ಮೈಕು ಕೊಂಡು ವಿಭಾಗದಲ್ಲಿ ಇಡಿ.

ವಿಷಯದ ಆಯ್ಕೆಯಲ್ಲಿ ನಾನು ಸ್ವಲ್ಪ ಬಿಗಿ. ನಗರದ ವಿದ್ಯಾರ್ಥಿಗಳು ಮೊದಲು ಹೋಗುವುದು ಗೋಲಗುಮ್ಮಟಕ್ಕೆ. 1656ರಲ್ಲಿ ಮುಗಿದ ಆ ಗುಮ್ಮಟದ ಮೇಲಿಂದ ತೆಗೆದ ಚಿತ್ರ, ಹಿಂದೆ ಯಾವುದೋ ಸಿನಿಮಾ ಸಂಗೀತ, ಅಂತರ್ಜಾಲದಿಂದ ಎತ್ತಿದ ನಾಲ್ಕು ಸಾಲು ಇತಿಹಾಸ. ಇದನ್ನು ನಾನು ಒಪ್ಪುವುದಿಲ್ಲ. ಗೋಲಗುಮ್ಮಟವೇ ಬೇಕೆಂದರೆ ಪಿಸುಮಾತಿನ ಮೊಗಸಾಲೆಯಲ್ಲಿ ದಿನವೂ ಪ್ರವಾಸಿಗರಿಗೆ ವಿವರಣೆ ಕೊಡುವ ಗೈಡನ್ನು ಮಾತಾಡಿಸಿ ಎನ್ನುತ್ತೇನೆ. ಒಂದೇ ವಿಷಯವನ್ನು ಅವರು ಬೆಂಗಳೂರಿನವರಿಗೆ ಒಂದು ಕನ್ನಡದಲ್ಲಿ, ಸೊಲ್ಲಾಪುರದವರಿಗೆ ಮರಾಠಿಯಲ್ಲಿ, ಹೈದರಾಬಾದಿನವರಿಗೆ ದಖನಿಯಲ್ಲಿ ಹೇಳುತ್ತಾರೆ. ಅದನ್ನು ಹಿಡಿದು ತಂದರೆ ಈ ಊರಿನ ಭಾಷೆಯ ಚರಿತ್ರೆಯನ್ನೇ ಹಿಡಿದ ಹಾಗೆ.

ಏಕೆಂದರೆ ನಮ್ಮ ತರಗತಿ ಕನ್ನಡದ ತರಗತಿಯಾದರೂ ಅಲ್ಲಿ ಕೂತವರ ಮನೆಮಾತು ಒಂದೇ ಅಲ್ಲ. ದಖನಿ ಮಾತಾಡುವವರಿದ್ದಾರೆ, ಜತ್ತದ ಕಡೆಯ ನಂಟಿನಿಂದ ಮರಾಠಿ ಮಾತಾಡುವವರಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಈ ನೆಲಕ್ಕೆ ಇದು ಹೊಸದಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹಿ ‘ಕಿತಾಬ್-ಎ-ನೌರಸ್’ ಬರೆದದ್ದು ದಖನಿಯಲ್ಲಿ. ಬಬಲೇಶ್ವರ ತಾಲೂಕಿನ ಕಾಖಂಡಕಿಯ ಮಹಿಪತಿದಾಸರು ಆದಿಲಶಾಹಿ ಆಸ್ಥಾನದ ಅಧಿಕಾರ ಬಿಟ್ಟು ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ ಹಾಡಿದ್ದು ಕನ್ನಡ, ಮರಾಠಿ, ದಖನಿಗಳಲ್ಲಿ. ಬರಹ ಮಾತ್ರ ಇರುವ ತರಗತಿಯಲ್ಲಿ ಲಂಬಾಣಿ ಹುಡುಗಿ ತನ್ನ ಮನೆಮಾತನ್ನು ತರುವುದಕ್ಕೆ ದಾರಿಯೇ ಇಲ್ಲ. ಧ್ವನಿಗೆ ಜಾಗ ಕೊಟ್ಟ ಕೂಡಲೇ ಅವಳು ಅವ್ವನ ಹಾಡು ಮುದ್ರಿಸಿ, ಅದನ್ನು ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡದ ಅರ್ಥ ಕೊಡಬಹುದು. ಅನುವಾದ ಎಷ್ಟು ಕಷ್ಟದ ಕೆಲಸ ಎಂಬುದು ಅವಳಿಗೆ ಗೊತ್ತಾಗುವಷ್ಟು ನಮ್ಮ ಅನುವಾದ ಪತ್ರಿಕೆ ಓದಿದವರಿಗೆ ಗೊತ್ತಾಗುವುದಿಲ್ಲ.

ಬಬಲೇಶ್ವರದ ಕಡೆಯವರಿಗೆ ನಾನು ಸದಾ ಸೂಚಿಸುವುದು ಡೋಣಿ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಬಳಿ ದಾಟುವ ಈ ಹೊಳೆಯನ್ನು ಬೇಸಿಗೆಯಲ್ಲಿ ನೋಡಿದವರು ಇದು ಹೊಳೆಯೇ ಎಂದು ಕೇಳಿಯಾರು. ಮಳೆ ಬಿದ್ದರೆ ದಂಡೆ ಮೀರಿ ಎರಿ ಹೊಲಗಳಿಗೆ ನುಗ್ಗುತ್ತದೆ. ಹೂಳು ತುಂಬಿ ಪಾತ್ರ ಮೇಲಕ್ಕೆ ಬಂದಿದೆ, ನೀರು ಸವುಳು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಅದೇ ಹಿರಿಯರು ಬೆಳೆ ಮುಳುಗಿದ ವರ್ಷಗಳನ್ನೂ ಹೇಳುತ್ತಾರೆ. ಒಂದೇ ಜಾಗದಲ್ಲಿ ನಿಂತು ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು ಫೋಟೊ, ನಡುವೆ ದಂಡೆಯ ರೈತನ ಮಾತು. ಫೋಟೊದ ಕೆಳಗೆ ಎರಡು ಸಾಲು ಬರೆಯುವುದನ್ನು ನಾನು ಪ್ರತ್ಯೇಕ ಅಭ್ಯಾಸವಾಗಿ ಕೊಡುತ್ತೇನೆ. ಯಾವ ಊರು, ಯಾವ ತಿಂಗಳು, ಯಾವ ಕಡೆ ಮುಖಮಾಡಿ ತೆಗೆದದ್ದು, ಚೌಕಟ್ಟಿನ ಆಚೆ ಏನಿತ್ತು. ‘ಪ್ರಕೃತಿಯ ಸೊಬಗು’ ಎಂದು ಬರೆದು ತಂದರೆ ವಾಪಸು ಕಳಿಸುತ್ತೇನೆ.

ಮುದ್ರಿಸಿದ ಮಾತು ಒಳ್ಳೆಯ ಗದ್ಯವಾಗುವುದನ್ನು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ. ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳು ಕ್ಯಾಸೆಟ್ಟುಗಳ ಕಾಲದಿಂದಲೂ ಧ್ವನಿಯಲ್ಲಿವೆ, ಪುಸ್ತಕಗಳಾಗಿಯೂ ಬಂದಿವೆ. ಐದು ನಿಮಿಷ ಧ್ವನಿ ಕೇಳಿಸಿ, ಆಮೇಲೆ ಪುಸ್ತಕದ ಪುಟ ಓದಿಸಿ. ಅವರು ಸುಮ್ಮನಾದ ಕಡೆ ಪುಸ್ತಕದಲ್ಲಿ ಏನಿದೆ, ಎರಡು ಸಲ ಹೇಳಿದ್ದು ಅಚ್ಚಿನಲ್ಲಿ ಒಂದೇ ಸಲ ಯಾಕಿದೆ ಎಂದು ವಿದ್ಯಾರ್ಥಿಗಳೇ ಹುಡುಕುತ್ತಾರೆ. ಇದಕ್ಕಿಂತ ಒಳ್ಳೆಯ ಸಂಪಾದನಾ ಪಾಠ ನನಗೆ ಗೊತ್ತಿಲ್ಲ.

ಯಂತ್ರವೇ ಮಾತನ್ನು ಅಕ್ಷರ ಮಾಡಿಕೊಡುವ ಕಾಲ ಬಂದಿದೆಯಲ್ಲ, ಮತ್ತೆ ಈ ಶ್ರಮ ಯಾಕೆ ಎಂದು ಕೇಳುವವರಿದ್ದಾರೆ. ಕನ್ನಡದ ಧ್ವನಿ ಟೈಪಿಂಗ್ ಈಗ ಮೊಬೈಲಿನಲ್ಲೇ ಇದೆ, ಬಳಸಲಿ. ಆದರೆ ನಮ್ಮ ಕಡೆಯ ಮಾತನ್ನು ಅದಕ್ಕೆ ಕೊಟ್ಟು ನೋಡಿ. ಎಷ್ಟೋ ಸಲ ಅದು ಕೇಳಿಸಿಕೊಳ್ಳದ್ದನ್ನು ತನಗೆ ಗೊತ್ತಿರುವ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ. ಯಂತ್ರ ಕೊಟ್ಟದ್ದನ್ನು ಧ್ವನಿಯ ಪಕ್ಕ ಇಟ್ಟು ತಿದ್ದುವುದೂ ಒಳ್ಳೆಯ ಅಭ್ಯಾಸವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆಗಳಿಂದ ಜನರ ಸಹಜ ಮಾತನ್ನು ಸಂಗ್ರಹಿಸುತ್ತಿರುವುದು ಈ ಕೊರತೆ ತುಂಬಲೆಂದೇ. ಇನ್ನು ಪ್ರಬಂಧವನ್ನೇ ಯಂತ್ರದಿಂದ ಬರೆಸಿ ತರುವ ಸಮಸ್ಯೆ. ಕಾವಲು ಹೆಚ್ಚಿಸಿ ಅದನ್ನು ನಿಲ್ಲಿಸಲಾಗದು. ದೊಡ್ಡವ್ವನ ಧ್ವನಿ ಮೇಜಿನ ಮೇಲಿದ್ದಾಗ, ಬರಹವನ್ನು ಅದಕ್ಕೆ ಹಿಡಿದು ನೋಡುವುದು ಯಾವ ಅಧ್ಯಾಪಕನಿಗೂ ಸಾಧ್ಯ.

ಮಾತು ಕೊಟ್ಟವರ ಹಕ್ಕಿನ ಬಗ್ಗೆ ನಾನು ಒತ್ತಿ ಹೇಳಬೇಕು. ನಮ್ಮ ಹಿರಿಯರು ಕೇಳಿದವರಿಗೆಲ್ಲ ಹಾಡು ಕೊಟ್ಟರು, ಕಥೆ ಕೊಟ್ಟರು. ಆಗ ಅದು ಪುಸ್ತಕದ ಪುಟದಲ್ಲಿ ಉಳಿಯುತ್ತಿತ್ತು. ಈಗ ಮುಖವೂ ಧ್ವನಿಯೂ ಒಂದು ಗಂಟೆಯಲ್ಲಿ ಊರೂರು ಸುತ್ತುತ್ತವೆ. ಶೆಡ್ಡಿನ ಮಾಲಕನ ಬಗ್ಗೆ ದೊಡ್ಡವ್ವ ಆಡಿದ ಮಾತು ಮಾಲಕನ ಕಿವಿಗೆ ಬಿದ್ದರೆ ಮರುದಿನ ಅವಳ ಕೂಲಿ ಹೋಗಬಹುದು. ಆ ಕಾರಣಕ್ಕೇ ಆ ಕೆಲಸವನ್ನು ನಾವು ತರಗತಿಯ ಹೊರಗೆ ಬಿಡಲಿಲ್ಲ. ಇಂದು ಇಲ್ಲಿ ಓದಿದ್ದು ಅವಳ ಒಪ್ಪಿಗೆಯಿಂದ, ಹೆಸರು ಊರು ಬಿಟ್ಟು. ಹಾಡುವವರಿಗೆ, ಆಡುವವರಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಇದೆ. ಕಾಯ್ದೆಗೂ ಮೊದಲು ಮರ್ಯಾದೆಯ ಪ್ರಶ್ನೆ ಇದೆ. ಮುದ್ರಿಸುವ ಮೊದಲು ಯಾಕೆ, ಯಾರು ಕೇಳುತ್ತಾರೆ ಎಂದು ಅವರ ಮಾತಿನಲ್ಲೇ ಹೇಳಿ, ಅವರ “ಹೂಂ” ಎಂಬುದನ್ನು ಅದೇ ಕಡತದ ಆರಂಭದಲ್ಲಿ ಮುದ್ರಿಸಿಕೊಳ್ಳಬೇಕು. ಸಹಿ ಮಾಡಲು ಬಾರದವರಿಗೆ ಇದು ಕಾಗದಕ್ಕಿಂತ ಸರಿಯಾದ ಒಪ್ಪಿಗೆ. ಆಮೇಲೆ ಬೇಡ ಎಂದರೆ ಅಳಿಸಬೇಕು.

ಅಧ್ಯಯನ ಮಂಡಳಿಯಲ್ಲಿರುವ ಗೆಳೆಯರು ಇಲ್ಲಿದ್ದೀರಿ. ನಿಮ್ಮಲ್ಲಿ ಒಂದು ಬೇಡಿಕೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು ಇಂಥ ಕೆಲಸಕ್ಕೆ ಬಿಡಿ. ಅದರಲ್ಲಿ ಅರ್ಧದಷ್ಟು ಅಂಕ ಧ್ವನಿಯನ್ನು ಅಕ್ಷರಕ್ಕೆ ಇಳಿಸಿದ್ದಕ್ಕೆ ಮತ್ತು ಗದ್ಯಕ್ಕೆ ಸಲ್ಲಲಿ. ಕಿರುಚಿತ್ರದ ಹೊಳಪಿಗೆ ಅಂಕ ಕೊಟ್ಟರೆ ಒಳ್ಳೆಯ ಮೊಬೈಲು ಇರುವವರು ಗೆಲ್ಲುತ್ತಾರೆ, ತಾಂಡಾದಿಂದ ಬರುವ ಹುಡುಗಿ ಅಣ್ಣನ ಹಳೆಯ ಫೋನಿನಲ್ಲಿ ಮುದ್ರಿಸಿದ್ದು ಸೋಲುತ್ತದೆ. ಮೊಬೈಲು ಇಲ್ಲದವರಿಗಾಗಿ ಇಬ್ಬಿಬ್ಬರ ಜೋಡಿ ಮಾಡಿ. ಅರವತ್ತು ಎಪ್ಪತ್ತು ಮಂದಿಯ ತರಗತಿಯಲ್ಲಿ ಇಷ್ಟೆಲ್ಲ ತಿದ್ದುವುದು ಹೇಗೆ ಎಂದು ನೀವು ಕೇಳುತ್ತೀರಿ, ಅದು ನ್ಯಾಯವಾದ ಪ್ರಶ್ನೆ. ಅತಿಥಿ ಉಪನ್ಯಾಸಕರ ಮೇಲೆ ಅರ್ಧ ವಿಭಾಗ ನಡೆಯುತ್ತಿರುವಾಗ ಹೊಸ ಹೊರೆ ಹೊರಿಸುವುದು ಸುಲಭವಲ್ಲ. ನಾನು ಕಂಡುಕೊಂಡ ದಾರಿ, ಧ್ವನಿಯನ್ನು ನಾಲ್ಕು ನಿಮಿಷಕ್ಕೆ ಕಟ್ಟುನಿಟ್ಟಾಗಿ ಮಿತಿಗೊಳಿಸುವುದು, ಮೊದಲ ಸುತ್ತಿನ ತಿದ್ದುವಿಕೆಯನ್ನು ವಿದ್ಯಾರ್ಥಿಗಳೇ ಒಬ್ಬರದನ್ನೊಬ್ಬರು ಮಾಡುವುದು. ಊರು ಬೇರೆಯಾದವರನ್ನು ಜೋಡಿ ಮಾಡಿದರೆ ಒಳ್ಳೆಯದು. ಟಿಕೋಟಾದವಳ ಮಾತು ಬಸವನ ಬಾಗೇವಾಡಿಯವಳಿಗೆ ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಬರಹಕ್ಕೆ ಇನ್ನೊಂದು ಸಾಲು ಬೇಕು ಎಂದರ್ಥ.

ಕೊನೆಗೆ, ಈ ಕಡತಗಳು ಎಲ್ಲಿ ಇರಬೇಕು? ಸೆಮಿಸ್ಟರು ಮುಗಿದ ಮೇಲೆ ಉತ್ತರಪತ್ರಿಕೆಗಳ ಜೊತೆ ಇವೂ ಹೋಗಬಾರದು. ಪ್ರತಿ ವಿಭಾಗದಲ್ಲೂ ಎರಡು ಹಾರ್ಡ್ ಡಿಸ್ಕ್ ಇರಲಿ, ಒಂದು ವಿಭಾಗದಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ. ಪ್ರತಿ ಧ್ವನಿಗೂ ಒಂದು ಕಾರ್ಡು: ಊರು, ತಾಲೂಕು, ದಿನಾಂಕ, ಮಾತಾಡಿದವರು, ಮುದ್ರಿಸಿದವರು, ಒಪ್ಪಿಗೆ ಎಷ್ಟರ ಮಟ್ಟಿಗೆ. ಒಪ್ಪಿಗೆ ಇದ್ದವನ್ನು ಇಂಟರ್ನೆಟ್ ಆರ್ಕೈವ್‌ನಂಥ ಮುಕ್ತ ಭಂಡಾರಕ್ಕೆ ಏರಿಸಬಹುದು. ಅರಕೇರಿಯ ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ, ಹಂತಿಯ ಹಾಡು ಗೊತ್ತಿರುವ ಅಜ್ಜ, ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲುವಾಗಿನ ಕೂಗು, ಇವೆಲ್ಲ ಒಂದೊಂದಾಗಿ ಅಲ್ಲಿಗೆ ಬರಲಿ. ಮೊದಲ ಪ್ರತಿ ಮಾತ್ರ ಮಾತು ಕೊಟ್ಟವರಿಗೆ ಹೋಗಬೇಕು. ವಿದ್ಯಾರ್ಥಿಯೇ ಕೊಂಡುಹೋಗಿ, ಅವರ ಮನೆಯಲ್ಲಿ ಕೂತು, ತಾನು ಬರೆದದ್ದನ್ನು ಓದಿ ಹೇಳಿ, ಅವರು ಹೇಳಿದ ತಿದ್ದುಪಡಿ ಬರೆದುಕೊಂಡು ಬಂದ ಮೇಲೆಯೇ ಅಂಕದ ಪಟ್ಟಿಯಲ್ಲಿ ಅಂಕ ಬೀಳಲಿ.